21 ವರ್ಷದ ಹುಡುಕಾಟ

ಪುಣೆಯ ನನ್ನ ಆಫೀಸಿನಿಂದ ದೇಹೂರೋಡ್ ದೂರವೇನಲ್ಲ. 1954ರ ಡಿಸೆಂಬರ್ 25ರಂದು ಅಂಬೇಡ್ಕರ್ ಅಲ್ಲಿ ಬುದ್ಧನ ಮೂರ್ತಿ ಪ್ರತಿಷ್ಠಾಪಿಸಿದರು. ಆಗಿನ್ನೂ ಅವರು ಬೌದ್ಧ ದೀಕ್ಷೆ ಪಡೆದಿರಲಿಲ್ಲ.

ಹಿಂದೂವಾಗಿ ಸಾಯುವುದಿಲ್ಲವೆಂದು ಯೇವಲಾದಲ್ಲಿ ಸಾರಿದ್ದು 1935ರಲ್ಲಿ. ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ! ಸಿಖ್ ಧರ್ಮವನ್ನು ಗಂಭೀರವಾಗಿ ಪರಿಶೀಲಿಸಿ ಬಿಟ್ಟರು. ಕೊನೆಗೆ ಒಪ್ಪಿದ ಬುದ್ಧನನ್ನೂ ಇದ್ದ ಹಾಗೆ ಒಪ್ಪಲಿಲ್ಲ. 29ರ ಸಿದ್ಧಾರ್ಥ ಅದುವರೆಗೆ ಮುದುಕನನ್ನೋ ರೋಗಿಯನ್ನೋ ಹೆಣವನ್ನೋ ಕಂಡೇ ಇರಲಿಲ್ಲವೆಂದರೆ ನಂಬುವುದು ಹೇಗೆಂದು ಕೇಳಿದರು. ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅವನು ಮನೆ ಬಿಡಲು ಬೇರೆಯೇ ಕಾರಣ ಕೊಟ್ಟರು: ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ, ಯುದ್ಧ ಬೇಡವೆಂದ ಸಿದ್ಧಾರ್ಥ. (ನೀರಿನ ಜಗಳವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕೆ?) ಪುಸ್ತಕ ಅಚ್ಚಾಗಿ ಬಂದದ್ದು 1957ರಲ್ಲಿ, ದೀಕ್ಷೆಯಾಗಿ ಎರಡು ತಿಂಗಳು ತುಂಬುವ ಮೊದಲೇ ಅವರು ತೀರಿಕೊಂಡಿದ್ದರು.

ನಾನು ಜನಿವಾರ ತೆಗೆದಿಟ್ಟು 10 ವರ್ಷವಾಯಿತು. ಅದನ್ನು ವೈಚಾರಿಕತೆ ಎಂದುಕೊಂಡಿದ್ದೆ. ಈ 21 ವರ್ಷದ ಲೆಕ್ಕ ಹಾಕಿದ ಮೇಲೆ ಬರೀ ಸೋಮಾರಿತನ ಅನ್ನಿಸುತ್ತಿದೆ. ಯಾವ ಕೆರೆಯ ದಂಡೆಯಲ್ಲೂ ನನ್ನನ್ನು ಯಾರೂ ತಡೆದಿರಲಿಲ್ಲ. ಹುಡುಕುವ ತುರ್ತೇ ಇರಲಿಲ್ಲ. ಊರಿಗೆ ಹೊರಟಾಗ ಅಮ್ಮನಿಗಾಗಿ ಅದನ್ನೇ ಮತ್ತೆ ಹಾಕಿಕೊಳ್ಳುತ್ತೇನೆ.