ಐಪಿ ಸಾಲು ಬೇರೆ ಮಾಡಿದರೆ ನೆಟ್‌ವರ್ಕ್ ಬೇರೆಯಾಗುತ್ತದೆಯೇ? ವಿಲ್ಯಾನ್ ಬಗ್ಗೆ ತಿಳಿದಿರಬೇಕಾದ್ದು

"ಅಂಗಡಿಯ ಸಿಸಿಟಿವಿ ಕ್ಯಾಮೆರಾಗಳಿಗೆ 192.168.20 ಸಾಲಿನ ವಿಳಾಸ ಕೊಡಿ, ಗಿರಾಕಿಗಳ ವೈಫೈಗೆ 192.168.30 ಸಾಲು ಕೊಡಿ. ಎರಡೂ ಬೇರೆ ಬೇರೆ ನೆಟ್‌ವರ್ಕ್ ಆದವು, ಇನ್ನು ಕ್ಯಾಮೆರಾ ಸೇಫ್." ಕ್ಯಾಮೆರಾ ಹಾಕಲು ಬಂದವರಿಂದ ಇಂಥ ಮಾತನ್ನು ನೀವೂ ಕೇಳಿರಬಹುದು. ಕೇಳಲು ಸರಿಯೆನಿಸಿದರೂ ಇದು ಸರಿಯಲ್ಲ.

ಏಕೆಂದರೆ ಐಪಿ ವಿಳಾಸವನ್ನು ಯಾರು ಬೇಕಾದರೂ ಬದಲಾಯಿಸಿಕೊಳ್ಳಬಹುದು. ನಿಮ್ಮ ಫೋನಿನ ವೈಫೈ ಸೆಟ್ಟಿಂಗ್ಸ್‌ನಲ್ಲೇ ಐಪಿಯನ್ನು 'ಸ್ಟ್ಯಾಟಿಕ್' ಮಾಡುವ ಆಯ್ಕೆ ಇದೆ. ಗಿರಾಕಿಯೊಬ್ಬ ಅಲ್ಲಿ 192.168.20.99 ಎಂದು ಬರೆದುಕೊಂಡರೆ ಸಾಕು, ಅವನ ಫೋನು ಕ್ಯಾಮೆರಾಗಳ ಸಾಲಿಗೆ ಸೇರಿತು. ಎರಡೂ ಒಂದೇ ಸ್ವಿಚ್‌ನಲ್ಲಿ, ಒಂದೇ ತಂತಿಯ ಜಾಲದಲ್ಲಿ ಇರುವವರೆಗೆ ನಡುವೆ ತಡೆಯುವವರು ಯಾರೂ ಇಲ್ಲ. ವೈಫೈಗೆ ಎರಡನೇ ಹೆಸರು ಸೇರಿಸಿದ ಮಾತ್ರಕ್ಕೂ ಇದು ಬದಲಾಗುವುದಿಲ್ಲ. ಮನೆಯ ರೂಟರಿನ 'ಗೆಸ್ಟ್' ಸೌಲಭ್ಯ ಹಲವು ಸಲ ಒಳಗೊಳಗೇ ಬೇರ್ಪಡಿಸುವ ಕೆಲಸವನ್ನೂ ಮಾಡುತ್ತದೆ. ಆದರೆ ಹಾಗೆ ಕಾಪಾಡುವುದು ಆ ಕೆಲಸವೇ ಹೊರತು ಗೆಸ್ಟ್ ಎಂಬ ಹೆಸರಲ್ಲ.

ಆ ಕೆಲಸಕ್ಕೆ ಇರುವ ವ್ಯವಸ್ಥೆಯೇ ವಿಲ್ಯಾನ್, ಅಂದರೆ ವರ್ಚುವಲ್ ಲೋಕಲ್ ಏರಿಯಾ ನೆಟ್‌ವರ್ಕ್. ಇದರ ನಿಯಮ ಐಇಇಇ 802.1ಕ್ಯೂ ಎಂಬ ಮಾನಕವಾಗಿ 1998ರಲ್ಲಿ ಬಂತು. ಕಲ್ಪನೆ ಸರಳ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹತ್ತಾರು ಊರಿನ ಪಾರ್ಸೆಲ್‌ಗಳು ಒಟ್ಟಿಗೇ ಹೋಗುತ್ತವೆ, ಪ್ರತಿಯೊಂದರ ಮೇಲೆ ಎಲ್ಲಿ ಇಳಿಸಬೇಕೆಂಬ ಚೀಟಿ ಇರುತ್ತದೆ. ಹಾಗೆಯೇ ತಂತಿಯಲ್ಲಿ ಹೋಗುವ ಪ್ರತಿ ಡೇಟಾ ಕಂತೆಗೆ 4 ಬೈಟ್‌ಗಳ ಚೀಟಿ ಅಂಟಿಸಲಾಗುತ್ತದೆ. ಅದರಲ್ಲಿ 12 ಬಿಟ್ ವಿಲ್ಯಾನ್ ಸಂಖ್ಯೆಗೆ ಮೀಸಲು. 12 ಬಿಟ್‌ಗೆ 4096 ಸಂಖ್ಯೆಗಳಾಗುತ್ತವೆ. ಅವುಗಳಲ್ಲಿ 0 ಮತ್ತು 4095 ಬಳಕೆಗಿಲ್ಲ, ಉಳಿಯುವುದು 4094. ಚೀಟಿ ಓದಬಲ್ಲ ಸ್ವಿಚ್ 20ರ ಕಂತೆಯನ್ನು 30ರ ಬಾಗಿಲಲ್ಲಿ ಇಳಿಸುವುದೇ ಇಲ್ಲ. ಫೋನಿನ ಐಪಿ ಬದಲಿಸಿಕೊಂಡವನಿಗೂ ಚೀಟಿ ಬದಲಿಸಲು ಆಗುವುದಿಲ್ಲ, ಅದನ್ನು ಅಂಟಿಸುವುದು ವೈಫೈ ಪೆಟ್ಟಿಗೆ ಅಥವಾ ಸ್ವಿಚ್.

ಅಂಗಡಿಯಲ್ಲಿ ಲಿನಕ್ಸ್ ಇರುವ ಪುಟ್ಟ ಕಂಪ್ಯೂಟರೇ ರೂಟರ್ ಆಗಿದೆ, ಅದಕ್ಕಿರುವುದು ಒಂದೇ ನೆಟ್‌ವರ್ಕ್ ಪೋರ್ಟ್, ಅದರ ಹೆಸರು ಇಥ್0 ಎಂದುಕೊಳ್ಳಿ. ಕ್ಯಾಮೆರಾಗಳಿಗೆ 20, ಗಿರಾಕಿಗಳಿಗೆ 30 ಎಂಬ ಎರಡು ವಿಲ್ಯಾನ್ ಬೇಕು. ಕಮಾಂಡ್ ಲೈನ್‌ನಲ್ಲಿ ಒಂದೊಂದಕ್ಕೆ ಮೂರೇ ಸಾಲು. ಉಚ್ಚರಿಸುವ ಹಾಗೆ ಕನ್ನಡದಲ್ಲಿ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಬೇಕು.

ಸುಡೊ ಐಪಿ ಲಿಂಕ್ ಆ್ಯಡ್ ಲಿಂಕ್ ಇಥ್0 ನೇಮ್ ಇಥ್0.20 ಟೈಪ್ ವಿಲ್ಯಾನ್ ಐಡಿ 20
ಸುಡೊ ಐಪಿ ಆ್ಯಡರ್ ಆ್ಯಡ್ 192.168.20.1/24 ಡೆವ್ ಇಥ್0.20
ಸುಡೊ ಐಪಿ ಲಿಂಕ್ ಸೆಟ್ ಡೆವ್ ಇಥ್0.20 ಅಪ್

ಮೊದಲ ಸಾಲು ಇಥ್0 ಎಂಬ ನಿಜವಾದ ಪೋರ್ಟಿನ ಮೇಲೆ ಒಂದು ಕಾಲ್ಪನಿಕ ಪೋರ್ಟನ್ನು ಹುಟ್ಟಿಸುತ್ತದೆ. ಎರಡನೆಯದು ಅದಕ್ಕೆ ವಿಳಾಸ ಕೊಡುತ್ತದೆ. ಮೂರನೆಯದು ಅದನ್ನು ಚಾಲೂ ಮಾಡುತ್ತದೆ. ಇದಕ್ಕೆ ಇಥ್0 ಕೂಡ ಚಾಲೂ ಇರಬೇಕು. 20 ಇರುವಲ್ಲೆಲ್ಲ 30 ಹಾಕಿದರೆ ಎರಡನೇ ವಿಲ್ಯಾನ್ ಸಿದ್ಧ. ಹಳೆಯ ಪುಸ್ತಕಗಳಲ್ಲಿ ಕಾಣುವ 'ವಿಕಾನ್ಫಿಗ್' ಎಂಬ ಆಜ್ಞೆ ಈಗ ಬೇಕಿಲ್ಲ.

ಇಲ್ಲಿ ಬಹಳ ಜನ ಎಡವುವ ಒಂದು ಸಂಗತಿ ಇದೆ. ಇಥ್0.20 ಎಂಬುದು ಬರೀ ಹೆಸರು. ಕೆಲಸ ಮಾಡುವುದು ಕೊನೆಯಲ್ಲಿರುವ 'ಐಡಿ 20'. ಹೆಸರಿನಲ್ಲಿ 30 ಎಂದೂ ಐಡಿಯಲ್ಲಿ 20 ಎಂದೂ ಬರೆದರೆ ಲಿನಕ್ಸ್ ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ, ಆಮೇಲೆ ತಲೆ ಕೆರೆದುಕೊಳ್ಳುವವರು ನೀವು. ಅದಕ್ಕೇ 'ಐಪಿ -ಡಿ ಲಿಂಕ್ ಶೋ ಇಥ್0.20' ಎಂದು ಕೊಟ್ಟು, ಉತ್ತರದಲ್ಲಿ 802.1ಕ್ಯೂ ಪಕ್ಕ ನಿಜವಾದ ಐಡಿ ಯಾವುದಿದೆ ಎಂದು ಒಮ್ಮೆ ನೋಡಿಬಿಡುವುದು ಒಳ್ಳೆಯದು.

ಇಷ್ಟಕ್ಕೇ ಮುಗಿಯಲಿಲ್ಲ. ಕಂಪ್ಯೂಟರ್ ಚೀಟಿ ಅಂಟಿಸಿದರೂ ಆಚೆ ಕಡೆ ಅದನ್ನು ಓದುವವರು ಬೇಕಲ್ಲ. ಸೆಟ್ಟಿಂಗ್ ಮಾಡಬಹುದಾದ, 'ಮ್ಯಾನೇಜ್ಡ್' ಎನ್ನುವ ಸ್ವಿಚ್ ಬೇಕು. ಈ ಕಂಪ್ಯೂಟರಿನ ತಂತಿ ಸೇರುವ ಪೋರ್ಟ್ 'ಟ್ರಂಕ್' ಆಗಿರಬೇಕು, ಅಂದರೆ 20 ಮತ್ತು 30 ಎರಡನ್ನೂ ಚೀಟಿ ಸಮೇತ ಸಾಗಿಸಬೇಕು. ಕ್ಯಾಮೆರಾ ಸೇರುವ ಪೋರ್ಟ್ 20ಕ್ಕೆ ಮಾತ್ರ ಮೀಸಲಾದ 'ಆ್ಯಕ್ಸೆಸ್' ಪೋರ್ಟ್. ಸೆಟ್ಟಿಂಗ್ ಇಲ್ಲದ ಸಾದಾ ಸ್ವಿಚ್ ಹಾಕಿದರೆ ಅದು ಸಾಮಾನ್ಯವಾಗಿ ಚೀಟಿಯನ್ನು ಓದದೆ ಕಂತೆಯನ್ನು ಹಾಗೇ ದಾಟಿಸುತ್ತದೆ, ಬೇರ್ಪಡಿಸುವುದಿಲ್ಲ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ವಿಲ್ಯಾನ್ ಮಾಡಿದ ಮೇಲೂ ಕ್ಯಾಮೆರಾ ಬಯಲಾಗಿಯೇ ಉಳಿಯಬಹುದು, ಮತ್ತು ಅದಕ್ಕೆ ಕಾರಣ ಅದೇ ಲಿನಕ್ಸ್ ಕಂಪ್ಯೂಟರ್. ರೂಟರ್ ಆಗಿ ಕೆಲಸ ಮಾಡಲು ಅದರಲ್ಲಿ 'ಐಪಿ ಫಾರ್ವರ್ಡ್' ಎಂಬ ಸೆಟ್ಟಿಂಗ್ 1 ಆಗಿರಬೇಕು, ಇಲ್ಲದಿದ್ದರೆ ಗಿರಾಕಿಗಳಿಗೆ ಇಂಟರ್ನೆಟ್ ಸಿಗುವುದಿಲ್ಲ. (ನಮ್ಮ ವಾಟ್ಸ್‌ಆ್ಯಪ್ ಗುಂಪುಗಳ ಹಾಗೆ ಇದಕ್ಕೂ ಬಂದದ್ದನ್ನೆಲ್ಲ ಫಾರ್ವರ್ಡ್ ಮಾಡುವ ಚಾಳಿ.) ಆದರೆ ಒಮ್ಮೆ ಅದು 1 ಆಯಿತೆಂದರೆ, ಫೈರ್‌ವಾಲ್ ತಡೆಯದ ಹೊರತು, 30ರಿಂದ ಬಂದದ್ದನ್ನು 20ಕ್ಕೂ ದಾಟಿಸುತ್ತದೆ. ಸ್ವಿಚ್ ಕಟ್ಟಿದ ಗೋಡೆಗೆ ರೂಟರೇ ಬಾಗಿಲು ಕೊರೆದಂತಾಯಿತು. ಆದ್ದರಿಂದ ಇಥ್0.30ರಿಂದ ಒಳಬಂದು ಇಥ್0.20ರಿಂದ ಹೊರಹೋಗುವುದನ್ನೆಲ್ಲ ಬಿಸಾಡು ಎಂಬ ನಿಯಮವನ್ನು ಫೈರ್‌ವಾಲ್‌ನಲ್ಲಿ ಬರೆಯಲೇಬೇಕು. ಕ್ಯಾಮೆರಾದ ರೆಕಾರ್ಡಿಂಗ್ ಸಾಫ್ಟ್‌ವೇರ್ ಅದೇ ಕಂಪ್ಯೂಟರಿನಲ್ಲಿ ಇದ್ದರೆ ಈ ನಿಯಮವೂ ಸಾಲದು. ಏಕೆಂದರೆ ಅಲ್ಲಿ ಕಂತೆ ದಾಟಿ ಹೋಗುವುದಿಲ್ಲ, ಆ ಕಂಪ್ಯೂಟರಿಗೇ ಬಂದು ಸೇರುತ್ತದೆ. ಅದಕ್ಕೆ 'ಇನ್‌ಪುಟ್' ಭಾಗದಲ್ಲಿ ಬೇರೆಯೇ ನಿಯಮ ಬೇಕು.

ಮೇಲಿನ ಮೂರು ಸಾಲುಗಳಿಗೆ ಇನ್ನೊಂದು ಸ್ವಭಾವವಿದೆ: ಕಂಪ್ಯೂಟರ್ ರೀಬೂಟ್ ಆದರೆ ಎಲ್ಲವೂ ಮಾಯ. ಕರೆಂಟ್ ಹೋಗಿ ಬಂದ ಮಾರನೇ ಬೆಳಿಗ್ಗೆ ಕ್ಯಾಮೆರಾ ರೆಕಾರ್ಡ್ ಆಗಿಲ್ಲ ಎಂದು ಗೊತ್ತಾಗುವುದು ಹೀಗೆಯೇ. ಶಾಶ್ವತವಾಗಿ ಉಳಿಯಬೇಕಾದರೆ ಉಬುಂಟು ಸರ್ವರ್‌ನಲ್ಲಿ ನೆಟ್‌ಪ್ಲಾನ್ ಫೈಲಿನಲ್ಲಿ, ಬೇರೆ ಕಡೆ ನೆಟ್‌ವರ್ಕ್ ಮ್ಯಾನೇಜರ್ ಅಥವಾ ಸಿಸ್ಟಮ್‌ಡಿ ಮೂಲಕ ಬರೆದಿಡಬೇಕು. ಪ್ರಯೋಗಕ್ಕೆ ಮಾತ್ರ ಈ ಮರೆವು ಒಂದು ವರ, ತಪ್ಪಾದರೆ ರೀಬೂಟ್ ಮಾಡಿದರಾಯಿತು. ದೂರದಿಂದ ಲಾಗಿನ್ ಆಗಿ ಕೆಲಸ ಮಾಡುವವರು ನೆಟ್‌ಪ್ಲಾನ್‌ನಲ್ಲಿ 'ಅಪ್ಲೈ' ಬದಲು 'ಟ್ರೈ' ಬಳಸಿ. 120 ಸೆಕೆಂಡಿನೊಳಗೆ ನೀವು ಒಪ್ಪಿಗೆ ಕೊಡದಿದ್ದರೆ ಅದು ಹಳೆಯ ಸೆಟ್ಟಿಂಗ್‌ಗೆ ಮರಳುತ್ತದೆ, ಹೊರಗೆ ಸಿಕ್ಕಿಹಾಕಿಕೊಳ್ಳುವ ಪಾಡು ತಪ್ಪುತ್ತದೆ.

ವಿಲ್ಯಾನ್ ಮತ್ತು ವಿಪಿಎನ್ ಒಂದೇ ಎಂದುಕೊಂಡವರೂ ಇದ್ದಾರೆ. ವಿಪಿಎನ್ ಸಾಮಾನ್ಯವಾಗಿ ಡೇಟಾವನ್ನು ಗೂಢಲಿಪಿಗೆ ಬದಲಿಸುತ್ತದೆ. ವಿಲ್ಯಾನ್ ಚೀಟಿ ಅಂಟಿಸುತ್ತದೆ ಅಷ್ಟೇ, ಪಾರ್ಸೆಲ್‌ಗೆ ಬೀಗ ಹಾಕುವುದಿಲ್ಲ. ಟ್ರಂಕ್ ತಂತಿಗೆ ಕೈ ಹಾಕಬಲ್ಲವರು ಚೀಟಿಯನ್ನೂ ಒಳಗಿನದನ್ನೂ ಓದಬಹುದು.

ಇನ್ನು ಬಿಎಸ್‌ಎನ್‌ಎಲ್ ಫೈಬರ್ ಹಾಕಿಸಿದವರು ಮೋಡೆಮ್ ಸೆಟ್ಟಿಂಗ್‌ನಲ್ಲಿ ವಿಲ್ಯಾನ್ ಐಡಿ ಎಂಬ ಖಾನೆ ನೋಡಿರುತ್ತೀರಿ. ಅಲ್ಲಿರುವ ಸಂಖ್ಯೆಗೂ ಇಂಟರ್ನೆಟ್ ವೇಗಕ್ಕೂ ಸಂಬಂಧವಿಲ್ಲ. ನಿಮ್ಮ ಸಂಪರ್ಕಕ್ಕೆ ಅವರ ಕಡೆ ಯಾವ ಸಂಖ್ಯೆ ಇಟ್ಟಿದ್ದಾರೋ ಅದೇ ಇಲ್ಲೂ ಇರಬೇಕು. ಬೇರೆ ಊರಿನ ಸ್ನೇಹಿತರು ಕಳಿಸಿದ ಸಂಖ್ಯೆ ಹಾಕಿದರೆ ಇದ್ದ ಇಂಟರ್ನೆಟ್ಟೂ ನಿಂತೀತು.

ನಿಮ್ಮ ಅಂಗಡಿಯದ್ದು ಸರಿಯಾಗಿದೆಯೇ ಎಂದು ನೋಡಲು ನಿಮ್ಮ ಫೋನ್ ಸಾಕು. ಗಿರಾಕಿಗಳ ವೈಫೈಗೆ ಸೇರಿ, ಬ್ರೌಸರಿನಲ್ಲಿ ಕ್ಯಾಮೆರಾದ ಐಪಿ ವಿಳಾಸ ಬರೆಯಿರಿ. ತೆರೆಯಬಾರದು. ರೆಕಾರ್ಡಿಂಗ್ ಕಂಪ್ಯೂಟರಿನ ವಿಳಾಸ ಹಾಕಿದರೂ ತೆರೆಯಬಾರದು. ಆಮೇಲೆ ಫೋನಿನ ಐಪಿಯನ್ನು ಸ್ಟ್ಯಾಟಿಕ್ ಮಾಡಿ, ಕ್ಯಾಮೆರಾ ಸಾಲಿನ ಖಾಲಿ ವಿಳಾಸವೊಂದನ್ನು ಕೊಟ್ಟು ಮತ್ತೆ ನೋಡಿ. ಮೊದಲ ಪರೀಕ್ಷೆಯಲ್ಲಿ ತೆರೆದುಕೊಂಡರೆ ಮೊದಲು ನೋಡಬೇಕಾದ್ದು ಫೈರ್‌ವಾಲ್. ಎರಡನೆಯದರಲ್ಲಿ ಮಾತ್ರ ತೆರೆದುಕೊಂಡರೆ ಸ್ವಿಚ್ ಅಥವಾ ವೈಫೈ ಪೆಟ್ಟಿಗೆ ಚೀಟಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ. ಎರಡರಲ್ಲೂ ತೆರೆಯದಿದ್ದರೆ ಕಂಪ್ಯೂಟರನ್ನು ಒಮ್ಮೆ ರೀಬೂಟ್ ಮಾಡಿ, ಇದೇ ಪರೀಕ್ಷೆಯನ್ನು ಇನ್ನೊಂದು ಸಲ ಮಾಡಿ.