ಗೌರಿ ಅಮ್ಮ, ಕೆ. ಆರ್.

1919–2021. ಕೇರಳದ ರಾಜಕಾರಣಿ, ವಕೀಲೆ, ಆ ರಾಜ್ಯದ ಮೊದಲ ಕಂದಾಯ ಸಚಿವೆ. 1957ರ ಏಪ್ರಿಲ್ 5ರಂದು ಅಧಿಕಾರ ವಹಿಸಿಕೊಂಡ ಇ.ಎಂ.ಎಸ್. ನಂಬೂದಿರಿಪಾಡರ ಹನ್ನೊಂದು ಮಂದಿಯ ಸಂಪುಟದಲ್ಲಿದ್ದ ಮಹಿಳೆ ಇವರೊಬ್ಬರೇ. ಇವರ ಬದುಕನ್ನು 1987ರಲ್ಲಿ ಕೈತಪ್ಪಿದ ಮುಖ್ಯಮಂತ್ರಿ ಪದವಿ ಮತ್ತು 1994ರಲ್ಲಿ ಪಕ್ಷದಿಂದಾದ ಉಚ್ಚಾಟನೆಯ ಸುತ್ತ ಹೇಳುವುದು ರೂಢಿಯಾಗಿದೆ. ಎರಡೂ ನಡೆದ ಸಂಗತಿಗಳೇ. ಆದರೆ ಇವುಗಳನ್ನೇ ನಡುವಿಗೆ ತಂದರೆ ಇವರ ನಿಜವಾದ ಕೆಲಸ ಹಿಂದೆ ಸರಿಯುತ್ತದೆ. ಕೇರಳದ ಭೂ ಸುಧಾರಣೆ ಹಲವು ಸರ್ಕಾರಗಳ ಪತನವನ್ನೂ ನ್ಯಾಯಾಲಯದ ಹಿನ್ನಡೆಯನ್ನೂ ದಾಟಿ ಉಳಿಯಲು, ಕಂದಾಯ ಇಲಾಖೆಯಲ್ಲಿ ಇವರು ಮೊದಲು ಏನು ಮಾಡಬೇಕು, ಆಮೇಲೆ ಏನು ಎಂದು ಹಾಕಿಕೊಂಡ ಅನುಕ್ರಮವೇ ಮುಖ್ಯ ಕಾರಣಗಳಲ್ಲೊಂದು.

ಗೌರಿ ಅಮ್ಮ ಹುಟ್ಟಿದ್ದು 1919ರ ಜುಲೈ 14ರಂದು, ಈಗಿನ ಆಲಪ್ಪುಳ ಜಿಲ್ಲೆಯ ಚೇರ್ತಲ ತಾಲ್ಲೂಕಿನ ಪಟ್ಟಣಕ್ಕಾಡಿನಲ್ಲಿ, ಈಳವ ಸಮುದಾಯದ ಕುಟುಂಬವೊಂದರಲ್ಲಿ. ಎರ್ನಾಕುಲಂನಲ್ಲಿ ಕಾಲೇಜು ಓದಿ ಕಾನೂನು ಪದವಿ ಪಡೆದರು. ಆ ಸಮುದಾಯದಿಂದ ವಕೀಲಿಕೆಗೆ ಬಂದ ಮೊದಲ ಮಹಿಳೆ ಇವರೆನ್ನಲಾಗುತ್ತದೆ. ತೆಂಗಿನ ನಾರಿನ ಕೆಲಸಗಾರರೂ ಭೂಮಿಯಿಲ್ಲದ ಕೂಲಿಗಳೂ ತುಂಬಿದ್ದ ಆ ಸೀಮೆಯಲ್ಲೇ 1946ರ ಪುನ್ನಪ್ರ–ವಯಲಾರ್ ಬಂಡಾಯ ನಡೆಯಿತು. ಕಾರ್ಮಿಕ ಚಳವಳಿಯಲ್ಲಿದ್ದ ಅಣ್ಣ ಸುಕುಮಾರನ್ ಅವರ ಪ್ರಭಾವದಿಂದ ರಾಜಕೀಯಕ್ಕೆ ಬಂದ ಗೌರಿ ಅಮ್ಮ 1948ರಲ್ಲಿ ಕಮ್ಯುನಿಸ್ಟ್ ಪಕ್ಷದ ಸದಸ್ಯರಾದರು. ಸೆರೆವಾಸವನ್ನೂ ಪೊಲೀಸರ ಹಿಂಸೆಯನ್ನೂ ಅನುಭವಿಸಿದರು. 1952 ಮತ್ತು 1954ರಲ್ಲಿ ತಿರುವಾಂಕೂರು–ಕೊಚ್ಚಿ ವಿಧಾನಸಭೆಗೆ ಆಯ್ಕೆಯಾದರು. ಹೀಗೆ ಮಂತ್ರಿಯಾಗುವ ಹೊತ್ತಿಗೆ ಗೇಣಿಯ ತಕರಾರುಗಳ ಕಾನೂನು ಮಗ್ಗುಲೂ ಬೀದಿಯ ಮಗ್ಗುಲೂ ಇವರಿಗೆ ಪರಿಚಿತವಾಗಿದ್ದವು.

1957ರ ಏಪ್ರಿಲ್ 11ರಂದು, ಸರ್ಕಾರ ಬಂದು ವಾರ ತುಂಬುವ ಮೊದಲೇ, ಒಕ್ಕಲೆಬ್ಬಿಸುವಿಕೆಯನ್ನು ತಡೆಯುವ ಸುಗ್ರೀವಾಜ್ಞೆ ಹೊರಟಿತು. ಇದು ಯಾರಿಗೂ ಒಡೆತನ ಕೊಡಲಿಲ್ಲ. ಇದ್ದವರನ್ನು ಇದ್ದಲ್ಲಿಯೇ ಉಳಿಸಿತು, ಅಷ್ಟೇ. ಅದರ ತೂಕ ತಿಳಿಯಲು ಆ ಕಾಲದಲ್ಲಿ ದೇಶದ ಬೇರೆಡೆ ನಡೆದದ್ದನ್ನು ನೋಡಬೇಕು. ಗೇಣಿ ಕಾನೂನು ಬರುತ್ತದೆಂಬ ಸುಳಿವು ಸಿಕ್ಕಿದೊಡನೆ ಜಮೀನುದಾರರು ಗೇಣಿದಾರರನ್ನು ಎಬ್ಬಿಸುವುದು, ಅಥವಾ ಸ್ವಂತ ಇಚ್ಛೆಯಿಂದ ಬಿಟ್ಟುಕೊಟ್ಟರೆಂದು ಬರೆಸಿಕೊಳ್ಳುವುದು ಹಲವು ರಾಜ್ಯಗಳಲ್ಲಿ ನಡೆಯಿತು. ಮೈಸೂರು ರಾಜ್ಯದ 1961ರ ಭೂ ಸುಧಾರಣಾ ಕಾಯಿದೆ ಜಾರಿಗೆ ಬಂದದ್ದೇ 1965ರ ಅಕ್ಟೋಬರ್ 2ರಂದು. ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಲು 1974ರ ಮಾರ್ಚ್ 1 ಬರಬೇಕಾಯಿತು. ಗದ್ದೆಯಲ್ಲಿ ಗೇಣಿದಾರನೇ ಉಳಿಯದಿದ್ದರೆ ಎಷ್ಟೇ ಉದಾರವಾದ ಕಾಯಿದೆ ಬಂದರೂ ಅದರ ಫಲ ಉಣ್ಣುವವರು ಇರುವುದಿಲ್ಲ. ಆ ಅಪಾಯವನ್ನು ಮೊದಲೇ ಕಂಡದ್ದರಿಂದ ಕೇರಳದಲ್ಲಿ ತಡೆ ಮೊದಲು ಬಂತು, ಹಕ್ಕು ಆಮೇಲೆ.

ಹಕ್ಕಿನ ಕಾನೂನು ಸಲೀಸಾಗಿ ಬರಲಿಲ್ಲ. ಗೌರಿ ಅಮ್ಮ 1957ರ ಡಿಸೆಂಬರಿನಲ್ಲಿ ಮಂಡಿಸಿದ ಕೃಷಿ ಸಂಬಂಧಗಳ ಮಸೂದೆ 1959ರ ಜೂನ್‌ನಲ್ಲಿ ಅಂಗೀಕಾರ ಪಡೆಯಿತು. ಶಿಕ್ಷಣ ಕಾಯಿದೆಯ ವಿರುದ್ಧ ಎದ್ದಿದ್ದ ‘ವಿಮೋಚನಾ ಸಮರ’ದ ಬಿಸಿಯಲ್ಲಿ ಜುಲೈ 31ರಂದು ಕೇಂದ್ರ ಸರ್ಕಾರ ಮಂತ್ರಿಮಂಡಲವನ್ನೇ ವಜಾ ಮಾಡಿತು. ಆದರೂ ಮಸೂದೆ ಸಾಯಲಿಲ್ಲ. ಕಮ್ಯುನಿಸ್ಟರನ್ನು ಸೋಲಿಸಿ ಬಂದ ಪಟ್ಟಂ ತಾಣು ಪಿಳ್ಳೆಯವರ ಸರ್ಕಾರವೇ ಅದನ್ನು ತಿದ್ದಿ ಮತ್ತೆ ಅಂಗೀಕರಿಸಿತು. 1961ರ ಜನವರಿಯಲ್ಲಿ ರಾಷ್ಟ್ರಪತಿಯ ಅಂಕಿತ ಬಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅಡ್ಡಬಂತು. ಮದರಾಸಿನ ದಕ್ಷಿಣ ಕನ್ನಡ ಜಿಲ್ಲೆಯಿಂದ ಕೇರಳಕ್ಕೆ ಸೇರಿದ್ದ ಹೊಸದುರ್ಗ, ಕಾಸರಗೋಡು ತಾಲ್ಲೂಕುಗಳ ರೈತವಾರಿ ಜಮೀನಿಗೆ ಈ ಕಾಯಿದೆ ಅನ್ವಯಿಸದು ಎಂದಿತು. ಚಹಾ, ಕಾಫಿ, ರಬ್ಬರ್ ತೋಟಗಳಿಗೆ ಕೊಟ್ಟ ರಿಯಾಯಿತಿಯನ್ನು ಅಡಿಕೆ, ಕಾಳುಮೆಣಸಿನ ತೋಟಗಳಿಗೆ ಕೊಡದಿರುವುದು ತಾರತಮ್ಯವೆಂಬುದೂ ಆ ತೀರ್ಪಿನ ಒಂದು ಅಂಶ. 1964ರ ಸಂವಿಧಾನದ 17ನೇ ತಿದ್ದುಪಡಿ ರೈತವಾರಿ ಜಮೀನನ್ನೂ ‘ಎಸ್ಟೇಟ್’ ಎಂಬುದರ ವ್ಯಾಪ್ತಿಗೆ ತಂದು ಆ ತೊಡಕನ್ನು ಬಿಡಿಸಿತು.

ಅಷ್ಟರಲ್ಲಿ ಹಳೆಯ ಕಾಯಿದೆಯ ಜಾಗಕ್ಕೆ 1963ರ ಭೂ ಸುಧಾರಣಾ ಕಾಯಿದೆ ಬಂದಿತ್ತು. ಅದನ್ನು ಬಿಗಿಗೊಳಿಸುವ ಅವಕಾಶ ಇವರಿಗೆ ಮತ್ತೆ ಸಿಕ್ಕಿದ್ದು 1967ರಲ್ಲಿ, ಎರಡನೇ ನಂಬೂದಿರಿಪಾಡ್ ಸರ್ಕಾರದ ಕಂದಾಯ ಸಚಿವೆಯಾಗಿ. 1969ರ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಒಂಟಿ ವ್ಯಕ್ತಿಗೆ 5, ಎರಡರಿಂದ ಐದು ಜನರ ಕುಟುಂಬಕ್ಕೆ 10 ಸ್ಟಾಂಡರ್ಡ್ ಎಕರೆಗಳ ಮಿತಿ ಹಾಕಿತು. ಒಡೆಯರ ಜಾಗದಲ್ಲಿ ಗುಡಿಸಲು ಹಾಕಿಕೊಂಡಿದ್ದ ‘ಕುಡಿಕಿಡಪ್ಪು’ದಾರರಿಗೆ ಪಂಚಾಯತಿಗಳಲ್ಲಿ 10 ಸೆಂಟ್ಸ್ ನೆಲ ಕೊಳ್ಳುವ ಹಕ್ಕು ಕೊಟ್ಟಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಸುಪ್ರೀಂ ಕೋರ್ಟಿಗೆ ಒಯ್ದದ್ದು ಈ ಭೂ ಕಾನೂನನ್ನೇ. 1973ರ ಏಪ್ರಿಲ್ 24ರಂದು ಹದಿಮೂರು ನ್ಯಾಯಮೂರ್ತಿಗಳ ಪೀಠ ಸಂವಿಧಾನದ ‘ಮೂಲ ಸ್ವರೂಪ’ದ ತತ್ವವನ್ನು ಸಾರಿದ್ದು ಆ ಮೊಕದ್ದಮೆಯಲ್ಲಿ, ಭೂ ಸುಧಾರಣೆ ಮಾತ್ರ ಅಳಿಯದೆ ಉಳಿಯಿತು.

ಇದನ್ನೆಲ್ಲ ಒಬ್ಬ ಮಂತ್ರಿಯ ಲೆಕ್ಕಕ್ಕೆ ಬರೆಯುವುದು ಸರಿಯೇ ಎಂಬ ಆಕ್ಷೇಪವುಂಟು. ನೀತಿ ಪಕ್ಷದ್ದು, ಅದರ ಹಿಂದೆ ದಶಕಗಳ ರೈತ ಹೋರಾಟವಿತ್ತು. 1970ರ ಜನವರಿ 1ರಿಂದ ಕಾನೂನು ಜಾರಿಯಾದದ್ದು ಸಿ. ಅಚ್ಯುತ ಮೇನೋನರ ಸರ್ಕಾರದಲ್ಲಿ, ಗೌರಿ ಅಮ್ಮನವರ ಪಕ್ಷ ಆಗ ವಿರೋಧದಲ್ಲಿತ್ತು. ಈ ಮಾತು ಒಪ್ಪತಕ್ಕದ್ದೇ. ಆದರೆ ‘ಉಳುವವನೇ ಒಡೆಯ’ ಎಂಬ ಘೋಷಣೆ ದೇಶದ ಹಲವು ಪಕ್ಷಗಳ ಬಾಯಲ್ಲಿತ್ತು. ಅದನ್ನು ಯಾವ ಕಲಮಿನಲ್ಲಿ, ಯಾವ ಹೊತ್ತಿಗೆ ತರಬೇಕೆಂಬುದು ಇಲಾಖೆಯ ಹೊಣೆ. ಎದುರು ಪಕ್ಷಗಳ ಸರ್ಕಾರಗಳೂ ಆ ಕಾನೂನನ್ನು ಕೈಬಿಡದೆ ಮುಂದುವರಿಸಬೇಕಾಗಿ ಬಂತೆಂಬುದು ಇವರ ಪಾಲನ್ನು ಕುಗ್ಗಿಸುವುದಿಲ್ಲ. ಅದು ಎಷ್ಟು ಆಳಕ್ಕೆ ಬೇರುಬಿಟ್ಟಿತ್ತೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದುದು. ದೊಡ್ಡ ತೋಟಗಳು ಮಿತಿಯಿಂದ ಹೊರಗುಳಿದವು. ಗೇಣಿದಾರ ಒಡೆಯನಾದ, ಅವನ ಗದ್ದೆಯಲ್ಲಿ ದುಡಿಯುತ್ತಿದ್ದ ದಲಿತ ಕೂಲಿಗೆ ದಕ್ಕಿದ್ದು ಹೆಚ್ಚಾಗಿ ಮನೆಯಡಿಯ ಕೆಲವೇ ಸೆಂಟ್ಸ್. ಆದಿವಾಸಿಗಳು ಕಳೆದುಕೊಂಡ ಭೂಮಿಯ ಪ್ರಶ್ನೆ ಹಾಗೆಯೇ ಉಳಿಯಿತು. ಈ ಕೊರತೆಗೆ ಸಮರ್ಥನೆಯಿಲ್ಲ. ಆದರೆ ಗೌರಿ ಅಮ್ಮ 1969ಕ್ಕೇ ನಿಂತವರಲ್ಲ ಎಂಬುದನ್ನೂ ದಾಖಲಿಸಬೇಕು. ಪರಭಾರೆಯಾದ ಆದಿವಾಸಿ ಭೂಮಿಯನ್ನು ಮರಳಿಸಬೇಕೆನ್ನುವ 1975ರ ಕಾಯಿದೆಯನ್ನು ಸಡಿಲಿಸುವ ಮಸೂದೆ 1996ರಲ್ಲಿ ಕೇರಳ ವಿಧಾನಸಭೆಗೆ ಬಂದಾಗ ಆಡಳಿತ, ವಿರೋಧ ಪಕ್ಷಗಳೆರಡೂ ಒಂದಾದವು. ವಿರೋಧಿಸಿದ್ದು ಇವರೊಬ್ಬರೇ.

ಉಳಿದ ರಾಜಕೀಯ ಜೀವನವನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1957ರಲ್ಲಿ ಸಂಪುಟದ ಸಹೋದ್ಯೋಗಿ ಟಿ.ವಿ. ಥಾಮಸ್ ಅವರನ್ನು ಮದುವೆಯಾದರು. 1964ರಲ್ಲಿ ಪಕ್ಷ ಒಡೆದಾಗ ಪತಿ ಸಿಪಿಐಯಲ್ಲಿ ಉಳಿದರು, ಇವರು ಸಿಪಿಎಂ ಸೇರಿದರು, ಕೊನೆಗೆ ದಾಂಪತ್ಯವೂ ಮುರಿಯಿತು. 1987ರ ಚುನಾವಣೆಯಲ್ಲಿ ಇವರೇ ಮುಖ್ಯಮಂತ್ರಿಯಾಗುವರೆಂಬ ಮಾತು ಹರಡಿತ್ತು, ಪಕ್ಷ ಇ.ಕೆ. ನಾಯನಾರರನ್ನು ಆರಿಸಿತು, ಇವರು ಕೈಗಾರಿಕಾ ಸಚಿವೆಯಾದರು. ಆ ಅವಧಿಯಲ್ಲೇ, 1990ರಲ್ಲಿ, ತಿರುವನಂತಪುರದ ಟೆಕ್ನೋಪಾರ್ಕ್ ಸ್ಥಾಪನೆಯಾಯಿತು. 1994ರಲ್ಲಿ ಶಿಸ್ತು ಉಲ್ಲಂಘನೆಯ ಆರೋಪದ ಮೇಲೆ ಉಚ್ಚಾಟಿತರಾಗಿ ಜನಾಧಿಪತ್ಯ ಸಂರಕ್ಷಣ ಸಮಿತಿ ಎಂಬ ಪಕ್ಷ ಕಟ್ಟಿದರು. ಮುಂದೆ ಕಾಂಗ್ರೆಸ್ ನೇತೃತ್ವದ ರಂಗ ಸೇರಿ, 2001ರಿಂದ 2006ರವರೆಗೆ ಎ.ಕೆ. ಆಂಟನಿ ಹಾಗೂ ಉಮ್ಮನ್ ಚಾಂಡಿ ಅವರ ಸಂಪುಟಗಳಲ್ಲಿ ಸಚಿವೆಯಾಗಿದ್ದರು. ಹಳೆಯ ಎದುರಾಳಿಗಳ ಜೊತೆ ಸೇರಿದ್ದನ್ನು ತತ್ವಚ್ಯುತಿ ಎಂದವರಿದ್ದಾರೆ. ಬಣ ಬದಲಾದದ್ದು ನಿಜವಾದರೂ ಅದರಿಂದ ಹಿಂದಿನ ಶಾಸನಗಳ ಬೆಲೆ ಇಳಿಯುವುದಿಲ್ಲ.

2021ರ ಮೇ 11ರಂದು ತಿರುವನಂತಪುರದಲ್ಲಿ, 101ನೆಯ ವಯಸ್ಸಿನಲ್ಲಿ ನಿಧನರಾದರು. ಮುಖ್ಯಮಂತ್ರಿ ಪದವಿ ಸಿಗದಿದ್ದುದು ಆ ಕಾಲದ ಪಕ್ಷ ರಾಜಕಾರಣ ಹೆಣ್ಣನ್ನೂ ಹಿಂದುಳಿದ ಜಾತಿಯನ್ನೂ ಕಂಡ ರೀತಿಯ ಕುರಿತು ಗಂಭೀರ ಪ್ರಶ್ನೆಯನ್ನೆತ್ತುತ್ತದೆ. ಇವರನ್ನು ತೂಗಬೇಕಾದ ತಕ್ಕಡಿ ಮಾತ್ರ ಕಂದಾಯ ಇಲಾಖೆಯದು: ಒಕ್ಕಲನ್ನು ಎಬ್ಬಿಸದಂತೆ ತಡೆದು, ಆಮೇಲೆ ಒಕ್ಕಲಿಗೆ ನೆಲ ಕೊಟ್ಟು, ಅದರಿಂದ ಹೊರಗುಳಿದವರ ಪರವಾಗಿ ಇಳಿವಯಸ್ಸಿನಲ್ಲಿ ಒಂಟಿಯಾಗಿ ಮತ ಹಾಕಿದ ಮಂತ್ರಿಗಳು ಸ್ವತಂತ್ರ ಭಾರತದಲ್ಲಿ ವಿರಳ.