ನಿರ್ದಿಷ್ಟ ಕಾರ್ಬೊಹೈಡ್ರೇಟ್ ಪಥ್ಯ

ನಿರ್ದಿಷ್ಟ ಕಾರ್ಬೊಹೈಡ್ರೇಟ್ ಪಥ್ಯವು ಎಲ್ಲ ಬಗೆಯ ಧಾನ್ಯ, ಆಲೂಗಡ್ಡೆಯಂಥ ಪಿಷ್ಟಪ್ರಧಾನ ಗೆಡ್ಡೆ, ಸಕ್ಕರೆ ಮತ್ತು ಹಾಲನ್ನು ಪೂರ್ತಿಯಾಗಿ ಬಿಟ್ಟು, ಮಾಂಸ, ಮೀನು, ಮೊಟ್ಟೆ, ಬಹುತೇಕ ತರಕಾರಿ, ಚೆನ್ನಾಗಿ ಮಾಗಿದ ಹಣ್ಣು, ಜೇನುತುಪ್ಪ, ಬಾದಾಮಿಯಂಥ ಬೀಜ ಹಾಗೂ ದೀರ್ಘಕಾಲ ಹುದುಗಿಸಿದ ಮೊಸರಿನಂಥವನ್ನು ಮಾತ್ರ ಸೇವಿಸುವ ಕಟ್ಟುನಿಟ್ಟಿನ ಆಹಾರಕ್ರಮ. ನ್ಯೂಯಾರ್ಕಿನ ಮಕ್ಕಳ ವೈದ್ಯ ಸಿಡ್ನಿ ವ್ಯಾಲೆಂಟೈನ್ ಹಾಸ್ (1870–1964) ಇದನ್ನು ಸೀಲಿಯಾಕ್ ರೋಗಕ್ಕೆಂದು ರೂಪಿಸಿದರು. ಅವರ ಕಾಲಾನಂತರ ಎಲೇನ್ ಗಾಟ್‌ಶಾಲ್ ಎಂಬ ಲೇಖಕಿಯ ಪುಸ್ತಕದಿಂದಾಗಿ ಇದು ಕ್ರೋನ್ಸ್ ರೋಗ, ಅಲ್ಸರೇಟಿವ್ ಕೊಲೈಟಿಸ್, ದೀರ್ಘಕಾಲದ ಭೇದಿ ಮೊದಲಾದ ಕರುಳಬೇನೆಗಳಿಗೂ ಬಳಕೆಗೆ ಬಂದಿತು. ಯಾವ ರೋಗಕ್ಕಾಗಿ ಇದು ಹುಟ್ಟಿತೋ ಆ ರೋಗದ ನಿಜವಾದ ಕಾರಣ ಇದನ್ನು ರೂಪಿಸಿದವರಿಗೇ ತಿಳಿದಿರಲಿಲ್ಲ ಎಂಬುದು ಈ ಪಥ್ಯದ ಇತಿಹಾಸದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ. ಇಂದು ಇದನ್ನು ಆರಂಭಿಸುವವರು ವಹಿಸಬೇಕಾದ ಎಚ್ಚರಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಹೊರಡುತ್ತವೆ.

ಸೀಲಿಯಾಕ್ ರೋಗವು ಬರಿಯ ಅಜೀರ್ಣವಲ್ಲ, ಸಾಮಾನ್ಯ ಅರ್ಥದ ಅಲರ್ಜಿಯೂ ಅಲ್ಲ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಪೂರ್ತಿ ಜೀರ್ಣವಾಗದೆ ತುಣುಕುಗಳಾಗಿ ಕರುಳಿನ ಒಳಪದರವನ್ನು ಸೇರಿದಾಗ, ಅಲ್ಲಿನ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಎಂಬ ಕಿಣ್ವವು ಅವುಗಳ ರಾಸಾಯನಿಕ ರಚನೆಯನ್ನು ತುಸು ಬದಲಿಸುತ್ತದೆ. ಎಚ್‌ಎಲ್‌ಎ-ಡಿಕ್ಯೂ2 ಅಥವಾ ಡಿಕ್ಯೂ8 ಎಂಬ ಆನುವಂಶಿಕ ಗುರುತುಳ್ಳವರಲ್ಲಿ ಕೆಲವರ ರೋಗನಿರೋಧಕ ಕೋಶಗಳು ಈ ಬದಲಾದ ತುಣುಕುಗಳನ್ನು ಶತ್ರುವೆಂದು ಬಗೆದು, ಸಣ್ಣಕರುಳಿನ ಮೇಲೆಯೇ ದಾಳಿ ನಡೆಸುತ್ತವೆ. ಆಹಾರವನ್ನು ಹೀರಿಕೊಳ್ಳಲು ಕರುಳಿನ ಒಳಮೈಯಲ್ಲಿ ಎದ್ದುನಿಂತಿರುವ ಅಂಕುರಗಳು, ಅಂದರೆ ಬೆರಳಿನಾಕಾರದ ಅತಿಸೂಕ್ಷ್ಮ ಚಾಚುಗಳು, ಕ್ರಮೇಣ ಸವೆದು ಚಪ್ಪಟೆಯಾಗುತ್ತವೆ. ಹೊಟ್ಟೆಯುಬ್ಬರ, ಭೇದಿ, ತೂಕ ಇಳಿಯುವುದು, ಮಕ್ಕಳ ಬೆಳವಣಿಗೆ ಕುಂಠಿತವಾಗುವುದು ಇದರ ಪರಿಚಿತ ಲಕ್ಷಣಗಳು. ಆದರೆ ಹೊಟ್ಟೆಯ ತೊಂದರೆಯೇ ಇಲ್ಲದೆ, ಎಷ್ಟು ಮಾತ್ರೆ ನುಂಗಿದರೂ ನೀಗದ ರಕ್ತಹೀನತೆ ಅಥವಾ ಎಳೆಯ ವಯಸ್ಸಿನಲ್ಲೇ ಸವೆಯುವ ಮೂಳೆಗಳ ರೂಪದಲ್ಲಿ ಮಾತ್ರ ರೋಗ ಪ್ರಕಟವಾಗುವುದೂ ಉಂಟು.

ಆಹಾರವೇ ಇದಕ್ಕೆ ಮದ್ದು ಎಂಬ ಅರಿವು ಕಾರಣದ ಅರಿವಿಗಿಂತ ಬಹಳ ಮೊದಲೇ ಮೂಡಿತ್ತು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಈ ಕಾಯಿಲೆ ಗುಣವಾಗುವುದಾದರೆ ಅದು ಪಥ್ಯದಿಂದಲೇ ಎಂದು ಹೇಳಿದರು. ಹಾಲೆಂಡಿನ ಕಡಲಚಿಪ್ಪುಗಳನ್ನು ದಿನವೂ ತಿಂದು ಚೇತರಿಸಿಕೊಂಡ ಮಗುವೊಂದು, ಚಿಪ್ಪಿನ ಋತು ಮುಗಿಯುತ್ತಲೇ ಮತ್ತೆ ಸೊರಗಿತೆಂದೂ, ಮರುವರ್ಷ ಎಷ್ಟು ಒತ್ತಾಯಿಸಿದರೂ ಅವನ್ನು ಬಾಯಿಗಿಡಲಿಲ್ಲವೆಂದೂ ಅವರು ದಾಖಲಿಸಿದ್ದಾರೆ. ಅದೇ ಗೀ ಅಕ್ಕಿ ಮತ್ತು ಸಾಬೂದಾನಿಯನ್ನು ನಿಷೇಧಿಸಿ, ತೆಳ್ಳಗೆ ಕೊಯ್ದು ಎರಡೂ ಬದಿ ಚೆನ್ನಾಗಿ ಸುಟ್ಟ ಬ್ರೆಡ್ಡನ್ನು ಕೊಡಬಹುದೆಂದರು. ನಿರಪಾಯವಾದ ಅಕ್ಕಿ ಅಪಥ್ಯವಾಗಿ, ರೋಗದ ಮೂಲವಾದ ಗೋಧಿ ಪಥ್ಯವಾಗಿ ಎಣಿಕೆಯಾದದ್ದಕ್ಕೆ, ದೋಷವೆಲ್ಲ ಪಿಷ್ಟದ್ದೇ ಎಂಬ ಆ ಕಾಲದ ನಂಬಿಕೆ ಕಾರಣ.

ಹಾಸ್ ಸಹ ಅದೇ ನಂಬಿಕೆಯ ದಾರಿಯಲ್ಲಿ ನಡೆದವರು. 1924ರಲ್ಲಿ ಅವರು ಪ್ರಕಟಿಸಿದ ಬಾಳೆಹಣ್ಣಿನ ಚಿಕಿತ್ಸೆಯಲ್ಲಿ ಬ್ರೆಡ್, ಬಿಸ್ಕತ್ತು, ಆಲೂಗಡ್ಡೆ ಮತ್ತು ಧಾನ್ಯಗಳೆಲ್ಲ ನಿಷಿದ್ಧವಾಗಿದ್ದು, ಮಾಗಿದ ಬಾಳೆಹಣ್ಣು ಮುಖ್ಯ ಆಹಾರವಾಗಿತ್ತು. ಪೋರ್ಟೊ ರಿಕೊದಲ್ಲಿ ಬ್ರೆಡ್ ತಿನ್ನುವ ಪಟ್ಟಣಿಗರಿಗೆ ಸ್ಪ್ರೂ ಎಂಬ ಭೇದಿರೋಗ ತಗಲುತ್ತದೆ, ಬಾಳೆಹಣ್ಣನ್ನೇ ನೆಚ್ಚಿದ ರೈತರಿಗೆ ತಗಲುವುದಿಲ್ಲ ಎಂಬ ವರದಿಯನ್ನು ಅವರು ಆಧಾರವಾಗಿ ಉಲ್ಲೇಖಿಸಿದ್ದರು. ಆ ಹೋಲಿಕೆಯಲ್ಲಿ ಬ್ರೆಡ್ಡಿನ ಕೇಡಿಗಿಂತ ಬಾಳೆಹಣ್ಣಿನ ಗುಣವೇ ಅವರಿಗೆ ದೊಡ್ಡದಾಗಿ ಕಂಡಿತು. ಸಾವಿನ ಅಂಚಿನಲ್ಲಿದ್ದ ಮಕ್ಕಳು ಈ ಪಥ್ಯದಿಂದ ಬದುಕಿದ್ದು ನಿಜ, ಮತ್ತು ಆ ಕಾರಣಕ್ಕೆ ಹಾಸ್ ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆದರೆ ಬದುಕಿಸಿದ್ದು ಬಾಳೆಹಣ್ಣಲ್ಲ, ಅದರ ಜೊತೆಗೆ ತಾನಾಗಿಯೇ ತಪ್ಪಿಹೋದ ಗೋಧಿ. ಹಾಸ್ ಮತ್ತು ಅವರ ಮಗ ಮೆರಿಲ್ 1951ರಲ್ಲಿ ತಮ್ಮ ಅನುಭವವನ್ನು ಪುಸ್ತಕರೂಪದಲ್ಲಿ ತಂದಾಗಲೂ, ಪಥ್ಯವನ್ನು ಕೆಲಕಾಲ ಪಾಲಿಸಿದರೆ ರೋಗ ಶಾಶ್ವತವಾಗಿ ವಾಸಿಯಾಗುತ್ತದೆ ಎಂಬ ನಿಲುವೇ ಅವರದಾಗಿತ್ತು. ಹೀಗೆ 'ಗುಣವಾದ' ಮಕ್ಕಳು ಮತ್ತೆ ಬ್ರೆಡ್ಡಿಗೆ ಮರಳಿದರು. ಅವರಲ್ಲಿ ಕೆಲವರಿಗೆ ತಮ್ಮ ಕರುಳಿನ ರೋಗ ಹೋಗಿಯೇ ಇರಲಿಲ್ಲವೆಂಬುದು ತಿಳಿದದ್ದು ದಶಕಗಳ ಬಳಿಕ.

ಕಾರಣವನ್ನು ಹಿಡಿದವರು ನೆದರ್ಲೆಂಡ್ಸಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ. ಹೇಗ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ 1930ರ ದಶಕದಿಂದಲೇ ಗೋಧಿಯ ಮೇಲೆ ಅನುಮಾನವಿಟ್ಟಿದ್ದ ಅವರಿಗೆ, 1944–45ರ ಚಳಿಗಾಲದ ಬರಗಾಲ ಆ ಅನುಮಾನವನ್ನು ಬಲಪಡಿಸಿತು: ಯುದ್ಧದ ನಡುವೆ ಬ್ರೆಡ್ ಸಿಗದೆ ಜನರೆಲ್ಲ ಸೊರಗುತ್ತಿದ್ದಾಗ ಸೀಲಿಯಾಕ್ ಪೀಡಿತ ಮಕ್ಕಳು ಸುಧಾರಿಸಿದರು, ಬ್ರೆಡ್ ಮರಳಿ ಬಂದಾಗ ಮತ್ತೆ ಹಾಸಿಗೆ ಹಿಡಿದರು. ಮಕ್ಕಳ ಮಲದಲ್ಲಿ ಹೋಗುವ ಕೊಬ್ಬನ್ನು ಅಳೆದು, ಗೋಧಿ ಕೊಟ್ಟಾಗ ಅದು ಏರುವುದನ್ನೂ ಬಿಡಿಸಿದಾಗ ಇಳಿಯುವುದನ್ನೂ ತೋರಿಸಿದ ಅವರ ಪ್ರೌಢಪ್ರಬಂಧ 1950ರಲ್ಲಿ ಹೊರಬಂದಿತು. 1952ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸಂಶೋಧಕರು, ದೋಷವಿರುವುದು ಗೋಧಿಯ ಪಿಷ್ಟದಲ್ಲಲ್ಲ, ಗ್ಲುಟೆನ್ನಿನಲ್ಲಿ ಎಂದು ಖಚಿತಪಡಿಸಿದರು. ಪಿಷ್ಟದ ವಾದದ ಮೇಲೆ ನಿಂತಿದ್ದ ಹಾಸ್ ಅವರ ಪಥ್ಯ ಅಲ್ಲಿಂದ ಮುಂದೆ ವೈದ್ಯಲೋಕದಿಂದ ಹಿಂದೆ ಸರಿಯಿತು.

ಅದು ಪೂರ್ತಿ ಮರೆಯಾಗದೆ ಉಳಿದದ್ದು ಗಾಟ್‌ಶಾಲ್ ಅವರಿಂದ. ಅಲ್ಸರೇಟಿವ್ ಕೊಲೈಟಿಸ್‌ನಿಂದ ನರಳುತ್ತಿದ್ದ ತಮ್ಮ ಮಗಳನ್ನು 1950ರ ದಶಕದ ಕೊನೆಯಲ್ಲಿ ವಯೋವೃದ್ಧ ಹಾಸ್ ಅವರ ಬಳಿಗೆ ಕರೆದೊಯ್ದು, ಆಕೆ ಚೇತರಿಸಿಕೊಂಡದ್ದನ್ನು ಕಂಡ ಗಾಟ್‌ಶಾಲ್, ನಡುವಯಸ್ಸಿನಲ್ಲಿ ವಿಶ್ವವಿದ್ಯಾಲಯ ಸೇರಿ ಜೀವವಿಜ್ಞಾನ ಓದಿದರು. 1987ರಲ್ಲಿ ಅವರು ಪ್ರಕಟಿಸಿದ ಪುಸ್ತಕವು ಮುಂದೆ 'ಬ್ರೇಕಿಂಗ್ ದ ವಿಶಸ್ ಸೈಕಲ್' ಎಂಬ ಹೆಸರಿನಲ್ಲಿ ಪ್ರಸಿದ್ಧವಾಯಿತು. ಅವರ ವಾದದ ತಿರುಳು ಹೀಗಿದೆ: ಗ್ಲೂಕೋಸ್, ಫ್ರಕ್ಟೋಸ್‌ಗಳಂಥ ಒಂಟಿ ಸಕ್ಕರೆಗಳು ಜೀರ್ಣಕ್ರಿಯೆಯ ಅಗತ್ಯವಿಲ್ಲದೆ ನೇರವಾಗಿ ಹೀರಲ್ಪಡುತ್ತವೆ, ಬಳಕೆಯ ಸಕ್ಕರೆ ಮತ್ತು ಹಾಲಿನ ಲ್ಯಾಕ್ಟೋಸ್‌ಗಳಂಥ ಜೋಡಿ ಸಕ್ಕರೆಗಳೂ ಪಿಷ್ಟವೂ ಮೊದಲು ಒಡೆಯಬೇಕು, ಘಾಸಿಗೊಂಡ ಕರುಳಿನಲ್ಲಿ ಅವು ಒಡೆಯದೆ ಉಳಿದು ಸೂಕ್ಷ್ಮಜೀವಿಗಳಿಗೆ ಮೇವಾಗುತ್ತವೆ, ಆ ಜೀವಿಗಳು ಉಂಟುಮಾಡುವ ಆಮ್ಲ ಮತ್ತು ಅನಿಲಗಳು ಕರುಳನ್ನು ಇನ್ನಷ್ಟು ಕೆಡಿಸುತ್ತವೆ. ಈ ವಾದದಲ್ಲಿ ಒಂದಂಶ ಶರೀರಶಾಸ್ತ್ರಕ್ಕೆ ಒಪ್ಪುವಂಥದ್ದು. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಇರುವುದು ಅಂಕುರಗಳ ಮೇಲ್ಮೈಯಲ್ಲೇ ಆದ್ದರಿಂದ, ಅಂಕುರ ಸವೆದವರಿಗೆ ಹಾಲು ತಾತ್ಕಾಲಿಕವಾಗಿ ಒಗ್ಗದಿರುವುದು ಸಹಜ, ಮತ್ತು ಕರುಳು ಮಾಗಿದ ಮೇಲೆ ಬಹಳ ಮಂದಿಗೆ ಹಾಲು ಮತ್ತೆ ಒಗ್ಗುತ್ತದೆ. ಆದರೆ ಇದು ಹಾನಿಯ ಪರಿಣಾಮವೇ ಹೊರತು ಹಾನಿಯ ಕಾರಣವಲ್ಲ.

ಪಥ್ಯದ ಆರಂಭ ಬಹು ಕಠಿಣ. ಮೊದಲ ಎರಡರಿಂದ ಐದು ದಿನ ಮನೆಯಲ್ಲೇ ಕುದಿಸಿದ ಕೋಳಿಯ ಸಾರು, ಮೆತ್ತಗೆ ಬೇಯಿಸಿದ ಕ್ಯಾರೆಟ್, ಮೊಟ್ಟೆ, ನೀರು ಬೆರೆಸಿದ ದ್ರಾಕ್ಷಿ ರಸ, ಒಣ ಕಾಟೇಜ್ ಚೀಸ್, ಮನೆಯ ಮೊಸರು ಇಂಥ ಕೆಲವೇ ಆಹಾರ. ಭೇದಿ ಮತ್ತು ನೋವು ತಗ್ಗಿದ ಮೇಲೆ ಸಿಪ್ಪೆ ತೆಗೆದು ಬೇಯಿಸಿದ ಹಣ್ಣು ತರಕಾರಿ, ಆಮೇಲೆ ಹಸಿ ಹಣ್ಣು, ಬಹಳ ನಿಧಾನವಾಗಿ ಬಾದಾಮಿ ಹಿಟ್ಟು ಹೀಗೆ ಒಂದೊಂದನ್ನೇ ಸೇರಿಸುತ್ತ, ಪ್ರತಿಯೊಂದರ ಪರಿಣಾಮವನ್ನು ಬರೆದಿಟ್ಟುಕೊಳ್ಳಬೇಕು. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಂದು ಚುಕ್ಕೆ ಮೂಡಿರಲೇಬೇಕೆಂಬ ನಿಯಮಕ್ಕೆ ಕಾರಣ, ಆ ಹಂತಕ್ಕೆ ಬರುವಾಗ ಕಾಯಿಯ ಪಿಷ್ಟ ಬಹುಪಾಲು ಸಕ್ಕರೆಯಾಗಿರುತ್ತದೆ ಎಂಬುದು. ಮೊಸರನ್ನು 24 ಗಂಟೆ ಹುದುಗಿಸುವುದು ಲ್ಯಾಕ್ಟೋಸ್ ಬಹುತೇಕ ಕಳೆಯಲೆಂದು. ರಾತ್ರಿ ಹೆಪ್ಪು ಹಾಕಿ ಬೆಳಗ್ಗೆ ಬಳಸುವ ಮಾಮೂಲು ಮೊಸರಿನಲ್ಲಿ ಅದು ಸಾಕಷ್ಟು ಉಳಿದಿರುತ್ತದೆ. ಒಂದು ತಿಂಗಳಲ್ಲಿ ಯಾವ ಸುಧಾರಣೆಯೂ ಕಾಣದಿದ್ದರೆ ಪಥ್ಯವನ್ನು ಕೈಬಿಡಬೇಕೆಂದೂ, ಸುಧಾರಿಸಿದರೆ ಕೊನೆಯ ಲಕ್ಷಣ ಮಾಯವಾದ ಮೇಲೂ ಒಂದು ವರ್ಷ ಮುಂದುವರಿಸಬೇಕೆಂದೂ ಗಾಟ್‌ಶಾಲ್ ಹೇಳಿದ್ದಾರೆ. ಈ 'ಒಂದು ವರ್ಷ' ಎಂಬ ಮಾತನ್ನು ಸೀಲಿಯಾಕ್ ಇರುವವರು ಎಂದೂ ತಮಗೆ ಅನ್ವಯಿಸಿಕೊಳ್ಳಬಾರದು. ಅವರಿಗೆ ಗ್ಲುಟೆನ್ ನಿಷೇಧ ಜೀವನಪರ್ಯಂತದ್ದು.

ಇಂಥ ಯಾವ ಪಥ್ಯಕ್ಕೂ ಮೊದಲು ಆಗಬೇಕಾದದ್ದು ರೋಗನಿರ್ಣಯ. ಸೀಲಿಯಾಕ್ ಅನುಮಾನವಿದ್ದಾಗ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ವಿರುದ್ಧದ ಐಜಿಎ ಪ್ರತಿಕಾಯವನ್ನೂ ರಕ್ತದಲ್ಲಿರುವ ಒಟ್ಟು ಐಜಿಎ ಪ್ರಮಾಣವನ್ನೂ ಪರೀಕ್ಷಿಸಿ, ಅನಂತರ ಸಾಮಾನ್ಯವಾಗಿ ಎಂಡೋಸ್ಕೋಪಿಯ ಮೂಲಕ ಸಣ್ಣಕರುಳಿನ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಈ ಪರೀಕ್ಷೆಗಳೆಲ್ಲ ಸರಿಯಾದ ಉತ್ತರ ಕೊಡುವುದು ರೋಗಿ ಗೋಧಿ ತಿನ್ನುತ್ತಿರುವಾಗ ಮಾತ್ರ. ಯಾರದೋ ಸಲಹೆಯಂತೆ ಮೊದಲೇ ಗೋಧಿ ಬಿಟ್ಟು ಕೆಲವು ತಿಂಗಳು ಕಳೆದವರ ರಕ್ತದಲ್ಲಿ ಪ್ರತಿಕಾಯ ಇಳಿದು, ಅಂಕುರಗಳು ಚಿಗುರಿ, ರೋಗವೇ ಇಲ್ಲವೆಂಬಂತೆ ವರದಿ ಬರಬಹುದು. ಆಗ ನಿಜ ತಿಳಿಯಲು ವಾರಗಟ್ಟಲೆ ಮತ್ತೆ ಗೋಧಿ ತಿಂದು ನರಳಬೇಕಾಗುತ್ತದೆ. ದಕ್ಷಿಣ ಭಾರತದಲ್ಲಿ ಈ ಎಚ್ಚರ ಇನ್ನೂ ಅಗತ್ಯ, ಏಕೆಂದರೆ ಇಲ್ಲಿ ದೀರ್ಘಕಾಲದ ಭೇದಿಗೆ ಕರುಳಿನ ಕ್ಷಯ, ಜಿಯಾರ್ಡಿಯಾ ಎಂಬ ಪರಾವಲಂಬಿ, ಉಷ್ಣವಲಯದ ಸ್ಪ್ರೂ ಮುಂತಾದವೂ ಕಾರಣವಾಗಬಹುದು. ಇವು ಔಷಧಿಯಿಂದ ವಾಸಿಯಾಗುವಂಥವು. ಕ್ಷಯವಿರುವವರು ಸಾರು ಕುಡಿಯುತ್ತ ತಿಂಗಳು ಕಳೆದರೆ ಜೀವಕ್ಕೇ ಅಪಾಯ.

ಪಥ್ಯದ ಫಲವನ್ನು ಕುರಿತ ಪುರಾವೆ ಅದರ ಪ್ರಸಿದ್ಧಿಯಷ್ಟು ಬಲವಾಗಿಲ್ಲ. ಕ್ರೋನ್ಸ್ ರೋಗದ 194 ವಯಸ್ಕರ ಮೇಲೆ ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ವಾರಗಳ ಬಳಿಕ ಈ ಪಥ್ಯದವರಲ್ಲಿ ಶೇ. 46.5 ಮಂದಿಗೂ, ಧಾನ್ಯ ಕಾಳುಗಳನ್ನು ಧಾರಾಳವಾಗಿ ಬಳಸುವ ಮೆಡಿಟರೇನಿಯನ್ ಆಹಾರದವರಲ್ಲಿ ಶೇ. 43.5 ಮಂದಿಗೂ ಲಕ್ಷಣಗಳು ಶಮನಗೊಂಡವು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಈ ಅಂತರಕ್ಕೆ ಅರ್ಥವಿಲ್ಲ. ಅಷ್ಟೇ ಫಲ ಕೊಡುವ ಸುಲಭವಾದ, ವೈವಿಧ್ಯವುಳ್ಳ ಊಟ ಇರುವಾಗ ಕಠಿಣವಾದದ್ದನ್ನೇ ಆರಿಸಿಕೊಳ್ಳಲು ಬಲವಾದ ಕಾರಣ ಬೇಕು. ಸೀಲಿಯಾಕ್ ರೋಗದಲ್ಲಂತೂ ಗ್ಲುಟೆನ್ ಬಿಡುವುದಕ್ಕಿಂತ ಹೆಚ್ಚಿನ ಪ್ರಯೋಜನ ಇದರಿಂದ ಉಂಟೆಂಬುದು ಸಾಬೀತಾಗಿಲ್ಲ. ತೂಕ ಕಳೆದುಕೊಂಡವರು ಈ ಪಥ್ಯದಲ್ಲಿ ಇನ್ನಷ್ಟು ಇಳಿಯುವ, ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಕೊರತೆ ಹೆಚ್ಚುವ ಅಪಾಯವಿರುವುದರಿಂದ, ಮಕ್ಕಳು, ಗರ್ಭಿಣಿಯರು ಮತ್ತು ತೀರ ಕೃಶರಾದವರು ಆಹಾರತಜ್ಞರ ನೇರ ಮೇಲ್ವಿಚಾರಣೆಯಿಲ್ಲದೆ ಇದಕ್ಕೆ ಕೈಹಾಕುವುದು ಸರಿಯಲ್ಲ. ಮಾಂಸ, ಮೊಟ್ಟೆ ತಿನ್ನದವರಿಗೆ ಆರಂಭದ ದಿನಗಳಲ್ಲಿ ತಟ್ಟೆಗೆ ಬಡಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಕನ್ನಡಿಗರ ಅಡುಗೆಮನೆಯಲ್ಲಿ ಈ ಪಥ್ಯ ಅಗತ್ಯಕ್ಕಿಂತ ಹೆಚ್ಚನ್ನು ಕಸಿದುಕೊಳ್ಳುತ್ತದೆ. ಅಕ್ಕಿ, ರಾಗಿ, ಜೋಳ, ನವಣೆ, ಸಾಮೆಗಳಲ್ಲಿ ಸೀಲಿಯಾಕ್ ರೋಗಿಗೆ ಕೇಡು ಮಾಡುವ ಗ್ಲುಟೆನ್ ಇಲ್ಲ. ಆದ್ದರಿಂದ ಮುದ್ದೆ, ಜೋಳದ ರೊಟ್ಟಿ, ಇಡ್ಲಿ, ಅನ್ನಗಳನ್ನು ಬಿಡಬೇಕಾದ ಕಾರಣವೂ ಇಲ್ಲ. ಬಿಡಬೇಕಾದದ್ದು ಚಪಾತಿ, ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಗೋಧಿ ಶಾವಿಗೆ, ಮೈದಾ ಮತ್ತು ಬಾರ್ಲಿಯ ಮಾಲ್ಟ್ ಬೆರೆತ ಪೇಯಗಳನ್ನು. ಉತ್ತರ ಕರ್ನಾಟಕದ ಖಪ್ಲಿ ಗೋಧಿಯನ್ನು ಹಗುರವೆಂದು ಹೊಗಳುವುದುಂಟಾದರೂ ಅದರಲ್ಲೂ ಗ್ಲುಟೆನ್ ಇದ್ದೇ ಇದೆ. ಕಣ್ಣಿಗೆ ಕಾಣದೆ ನುಸುಳುವ ಗೋಧಿಯೇ ಹೆಚ್ಚು ಕಾಡುವಂಥದ್ದು: ಅಂಗಡಿಯ ಡಬ್ಬಿಯ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ, ಮತ್ತು ಆ ಇಂಗು ಸಾರಿನ ಒಗ್ಗರಣೆಯಿಂದ ಉಪ್ಪಿನಕಾಯಿಯವರೆಗೆ ಎಲ್ಲೆಡೆ ಇರುತ್ತದೆ, ಊರ ಗಿರಣಿಯಲ್ಲಿ ಗೋಧಿ ಬೀಸಿದ ಬೆನ್ನಿಗೇ ರಾಗಿ ಹಾಕಿದರೆ ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು ಅದರೊಳಗೆ ಸೇರುತ್ತದೆ, ಚಪಾತಿ ಮಣೆ, ಹಂಚು, ಜರಡಿಗಳನ್ನು ಹಂಚಿಕೊಂಡರೂ ಅದೇ ಪರಿಣಾಮ. ಗ್ಲುಟೆನ್‌ಮುಕ್ತ ಎಂಬ ಮುದ್ರೆಯುಳ್ಳ ಆಹಾರದಲ್ಲಿ ಭಾರತದ ನಿಯಮದಂತೆ ಕಿಲೋಗ್ರಾಮಿಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರುವಂತಿಲ್ಲ ಎಂಬುದನ್ನು ನೆನೆದರೆ, ಗಿರಣಿಯ ಆ ಹಿಡಿ ಹಿಟ್ಟು ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

2016ರಲ್ಲಿ ಪ್ರಕಟವಾದ, 23,000ಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ಭಾರತದ ಸಮೀಕ್ಷೆಯಲ್ಲಿ ಸೀಲಿಯಾಕ್ ಪ್ರತಿಕಾಯಗಳು ಉತ್ತರ ಭಾರತದಲ್ಲಿ ಶೇ. 1.23 ಮಂದಿಯಲ್ಲೂ ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲೂ ಕಂಡುಬಂದವು. ರೋಗಕ್ಕೆ ಎಡೆಮಾಡುವ ಆನುವಂಶಿಕ ಗುರುತು ಎರಡೂ ಕಡೆ ಸುಮಾರು ಮೂರರಲ್ಲಿ ಒಬ್ಬರಿಗಿದ್ದರೂ, ದಿನದ ಗೋಧಿ ಸೇವನೆ ಉತ್ತರದಲ್ಲಿ ಸರಾಸರಿ 455 ಗ್ರಾಂ, ದಕ್ಷಿಣದಲ್ಲಿ 25 ಗ್ರಾಂ ಇತ್ತು. ರಾತ್ರಿಯೂಟಕ್ಕೆ ಚಪಾತಿ, ನಡುನಡುವೆ ಬ್ರೆಡ್ ಮತ್ತು ಬಿಸ್ಕತ್ತು ರೂಢಿಯಾಗುತ್ತಿರುವ ಕರ್ನಾಟಕದ ಮನೆಗಳಲ್ಲಿ ಈ ರೋಗ ಇಲ್ಲಿನದಲ್ಲವೆಂದು ವೈದ್ಯರಾಗಲಿ ರೋಗಿಗಳಾಗಲಿ ಇನ್ನು ತಳ್ಳಿಹಾಕುವಂತಿಲ್ಲ. ಒಬ್ಬರಲ್ಲಿ ರೋಗ ಖಚಿತವಾದರೆ ಅವರ ತಂದೆತಾಯಿ, ಒಡಹುಟ್ಟಿದವರು ಮತ್ತು ಮಕ್ಕಳಿಗೂ ಅದಿರುವ ಸಂಭವ ಇತರರಿಗಿಂತ ಹಲವು ಪಟ್ಟು ಹೆಚ್ಚು. ಅವರೂ ಲಕ್ಷಣಗಳಿಗಾಗಿ ಕಾಯದೆ, ಗೋಧಿ ಬಿಡುವ ಮೊದಲೇ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು.